ಪರದೆಯ ಮೇಲಿನ ಪಾಠ ಕಾರ್ಖಾನೆಯ ನೆಲಕ್ಕೆ ಇಳಿಯಲಿ

ವರ್ಷಾಂತ್ಯದಲ್ಲಿ ಲಾಭ-ನಷ್ಟದ ತಖ್ತೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಪ್ರತಿಯೊಬ್ಬ ಉದ್ಯಮಿಯೂ ಕೇಳುವ ಪ್ರಶ್ನೆ ಒಂದೇ: "ವ್ಯಾಪಾರ ಹೆಚ್ಚಿದೆ, ಲಾಭವೇಕೆ ಹೆಚ್ಚಿಲ್ಲ?" ಕಚ್ಚಾ ಸಾಮಗ್ರಿಯ ದರ, ಕೂಲಿ, ವಿದ್ಯುತ್ ಶುಲ್ಕ, ಬ್ಯಾಂಕಿನ ಬಡ್ಡಿ ಇವೆಲ್ಲವೂ ಖಾತೆಯಲ್ಲಿ ಒಂದೊಂದು ಶೀರ್ಷಿಕೆಯಡಿ ಎದ್ದು ಕಾಣುತ್ತವೆ. ಆದರೆ 'ಪೋಲು' ಎಂಬ ಶೀರ್ಷಿಕೆ ಯಾವ ಖಾತೆಯಲ್ಲಿಯೂ ಇರುವುದಿಲ್ಲ. ಕೆಲಸಗಾರ ಕತ್ತರಿ ಹುಡುಕಿದ ಹತ್ತು ನಿಮಿಷ ಕೂಲಿಯ ಖಾತೆಯಲ್ಲಿ ಅಡಗಿರುತ್ತದೆ. ತಪ್ಪಾಗಿ ಹೊಲಿದು ಬಿಚ್ಚಿದ ಪ್ಯಾಂಟು ಉತ್ಪಾದನಾ ವೆಚ್ಚದಲ್ಲಿ ಕರಗಿರುತ್ತದೆ. ಮೂಲೆಯಲ್ಲಿ ಹದಿನೈದು ದಿನ ಕಾದು ಕುಳಿತ ಮಾಲು ಬಡ್ಡಿಯ ರೂಪದಲ್ಲಿ ಹೊರಹೋಗಿರುತ್ತದೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಹಣ ಮಾತ್ರ ಕೈಯಲ್ಲಿ ಇರುವುದಿಲ್ಲ.

ಈ ಅಡಗಿದ ವೆಚ್ಚವನ್ನು ಗುರುತಿಸುವ ವಿದ್ಯೆಗೆ ಲೀನ್, ಕೈಜನ್, ಫೈವ್ ಎಸ್, ಸಿಕ್ಸ್ ಸಿಗ್ಮಾ ಎಂಬ ಹಲವು ಹೆಸರುಗಳಿವೆ. ಒಂದು ಕಾಲದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಟುಕುತ್ತಿದ್ದ ಇದರ ಪ್ರಾಥಮಿಕ ಪಾಠಗಳು ಇಂದು ಅಂತರ್ಜಾಲದ ಮೂಲಕ, ಹಲವೆಡೆ ಶುಲ್ಕವೇ ಇಲ್ಲದೆ, ಗಾಂಧಿನಗರದ ಮನೆಯಲ್ಲಿ ಊಟದ ನಂತರ ಮೊಬೈಲು ಹಿಡಿದು ಕುಳಿತ ಸಣ್ಣ ಉದ್ಯಮಿಗೂ ದೊರೆಯುತ್ತಿವೆ. ಪಾಠ ಸಿಗುವುದು ಕಷ್ಟವಲ್ಲ; ಕೇಳಿದ ಪಾಠ ಮರುದಿನ ಬೆಳಿಗ್ಗೆ ಕೆಲಸದ ಜಾಗಕ್ಕೆ ತಲಪುವುದು ಕಷ್ಟ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಉದ್ಯಮಿಗಳು ಈ ದೃಷ್ಟಿಯಿಂದ ವಿಷಯವನ್ನು ಪರಿಶೀಲಿಸುವುದು ಅಗತ್ಯವಾಗಿದೆ.

ಮಗ್ಗದಿಂದ ಹುಟ್ಟಿದ ವಿದ್ಯೆ

ಈ ಪದ್ಧತಿಗಳನ್ನು ಮೋಟಾರು ಕಾರ್ಖಾನೆಗಳ ವಿದ್ಯೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಇದರ ಒಂದು ಮುಖ್ಯ ಬೇರು ಇರುವುದು ಬಟ್ಟೆಯ ಉದ್ಯಮದಲ್ಲಿ. ಜಪಾನಿನ ಸಕಿಚಿ ಟೊಯೊಡಾ ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ನೂಲು ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ದೋಷವುಳ್ಳ ಬಟ್ಟೆ ಒಂದು ಗೇಣಿನಷ್ಟೂ ಮುಂದುವರಿಯಬಾರದು ಎಂಬುದೇ ಅದರ ತತ್ತ್ವ. 1929ರಲ್ಲಿ ಈ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಸಂಸ್ಥೆಗೆ ಮಾರಲಾಯಿತು. ಆ ಹಣ ಟೊಯೊಡಾ ಕುಟುಂಬದ ಮೋಟಾರು ವಾಹನ ಪ್ರಯೋಗಗಳಿಗೆ ನೆರವಾಯಿತು. ಆ ಪ್ರಯೋಗಗಳಿಂದಲೇ ಮುಂದೆ ಟೊಯೊಟಾ ಸಂಸ್ಥೆ ಹುಟ್ಟಿತು. ಅಲ್ಲಿನ ತಂತ್ರಜ್ಞ ತೈಇಚಿ ಓನೊ ಅವರು ಪೋಲನ್ನು ಏಳು ಬಗೆಯಾಗಿ ವಿಂಗಡಿಸಿದರು: ಬೇಡಿಕೆಗಿಂತ ಹೆಚ್ಚು ಉತ್ಪಾದನೆ, ಕಾಯುವಿಕೆ, ಅನಗತ್ಯ ಸಾಗಾಟ, ಅನಗತ್ಯ ಸಂಸ್ಕರಣೆ, ಹೆಚ್ಚಿನ ದಾಸ್ತಾನು, ಕೆಲಸಗಾರನ ಅನಗತ್ಯ ಓಡಾಟ ಮತ್ತು ದೋಷಯುಕ್ತ ಮಾಲು.

ಪ್ರಾಥಮಿಕ ತರಬೇತಿಯ ಮೊದಲ ಅಧ್ಯಾಯವು ಸಾಮಾನ್ಯವಾಗಿ ಈ ಏಳು ಪೋಲುಗಳೇ ಆಗಿರುತ್ತದೆ. ಎರಡನೆಯದು ಫೈವ್ ಎಸ್. ಜಪಾನೀ ಭಾಷೆಯ ಐದು ಪದಗಳನ್ನು ಕನ್ನಡದಲ್ಲಿ ಸುಲಭವಾಗಿ ಹೇಳಬಹುದು: ಬೇಕಾದದ್ದನ್ನು ಬೇಡವಾದದ್ದರಿಂದ ವಿಂಗಡಿಸುವುದು, ಬೇಕಾದದ್ದಕ್ಕೆ ಗೊತ್ತಾದ ಜಾಗ ಕೊಡುವುದು, ಸ್ವಚ್ಛವಾಗಿಡುವುದು, ಎಲ್ಲರಿಗೂ ಒಂದೇ ಕ್ರಮ ನಿಗದಿಪಡಿಸುವುದು, ಆ ಕ್ರಮವನ್ನು ನಿತ್ಯ ಪಾಲಿಸುವುದು. ಮೂರನೆಯದು ಕೈಜನ್, ಅಂದರೆ ದಿನವೂ ಸ್ವಲ್ಪ ಸ್ವಲ್ಪವಾಗಿ ಮಾಡುವ ಸುಧಾರಣೆ. ಇದರಲ್ಲಿ ಕಷ್ಟವಾದ ಗಣಿತವಿಲ್ಲ, ದುಬಾರಿ ಯಂತ್ರವಿಲ್ಲ. ಸೀಮೆಸುಣ್ಣ, ಹಗ್ಗ, ಬಣ್ಣದ ಡಬ್ಬಿ, ಒಂದು ಗಡಿಯಾರ ಇದ್ದರೆ ಆರಂಭಿಸಬಹುದು.

ಸಿಕ್ಸ್ ಸಿಗ್ಮಾ ಎಂಬುದು 1986ರ ಸುಮಾರಿಗೆ ಅಮೆರಿಕದ ಮೊಟೊರೋಲಾ ಸಂಸ್ಥೆಯಲ್ಲಿ ರೂಪುಗೊಂಡ ಸಂಖ್ಯಾಶಾಸ್ತ್ರ ಆಧಾರಿತ ಪದ್ಧತಿ. ಹತ್ತು ಲಕ್ಷ ಅವಕಾಶಗಳಲ್ಲಿ 3.4ಕ್ಕಿಂತ ಹೆಚ್ಚು ದೋಷ ಇರಬಾರದೆಂಬುದು ಅದರ ಗುರಿ. ದಿನಕ್ಕೆ 200 ಪ್ಯಾಂಟು ಹೊಲಿಯುವ ಘಟಕವೊಂದು ಹತ್ತು ಲಕ್ಷ ಪ್ಯಾಂಟು ಮುಗಿಸಲು ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಂತಹ ಘಟಕಕ್ಕೆ ಮೊದಲು ಬೇಕಾದದ್ದು ಸಿಕ್ಸ್ ಸಿಗ್ಮಾದ ಸೂತ್ರಗಳಲ್ಲ. ದಿನದ ದೋಷಗಳನ್ನು ಗೀಟು ಎಳೆದು ಎಣಿಸುವ ಒಂದು ಹಾಳೆ.

ಒಂದು ಜೀನ್ಸ್ ಘಟಕದ ಲೆಕ್ಕ

ಬಳ್ಳಾರಿಯ ಜೀನ್ಸ್ ಉದ್ಯಮ ಹೆಸರುವಾಸಿಯಾದುದು. ಕತ್ತರಿಸುವುದು ಒಂದೆಡೆ, ಹೊಲಿಯುವುದು ಕೌಲ್ ಬಜಾರಿನಂತಹ ಬಡಾವಣೆಗಳ ಸಣ್ಣ ಘಟಕಗಳಲ್ಲಿ ಅಥವಾ ಮನೆಗಳಲ್ಲಿ, ವಾಷಿಂಗ್ ಮತ್ತೊಂದೆಡೆ, ದಾರ ಕತ್ತರಿಸಿ ಇಸ್ತ್ರಿ ಮಾಡಿ ಪ್ಯಾಕಿಂಗ್ ಮಾಡುವುದು ಇನ್ನೊಂದೆಡೆ ಎಂಬಂತೆ ಕೆಲಸ ಹಂಚಿಹೋಗಿದೆ. ಈ ವ್ಯವಸ್ಥೆಗೆ ತನ್ನದೇ ಆದ ಅನುಕೂಲವಿದೆ. ಕಡಿಮೆ ಬಂಡವಾಳದಲ್ಲಿ ಅನೇಕ ಕುಟುಂಬಗಳಿಗೆ ಕೆಲಸ ಸಿಗುತ್ತದೆ. ಆದರೆ ಬಂಡಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಪ್ರತಿ ತಿರುವಿನಲ್ಲಿಯೂ ಕಾಯುತ್ತದೆ.

ಆ ಕಾಯುವಿಕೆಯ ಬೆಲೆ ಎಷ್ಟು ಎಂಬುದನ್ನು ಊಹೆಯ ಅಂಕಿಗಳಿಂದ ನೋಡಬಹುದು. ದಿನಕ್ಕೆ 200 ಪ್ಯಾಂಟು ತಯಾರಿಸುವ ಘಟಕವೊಂದಿದೆ. ಬಟ್ಟೆ, ದಾರ, ಕೂಲಿ ಸೇರಿ ಒಂದು ಪ್ಯಾಂಟಿನಲ್ಲಿ ಸರಾಸರಿ 300 ರೂಪಾಯಿ ತೊಡಗಿದೆ ಎಂದಿಟ್ಟುಕೊಳ್ಳೋಣ. ಒಂದು ದಿನದ ಮಾಲಿನಲ್ಲಿ 60,000 ರೂಪಾಯಿ ಇದ್ದಂತಾಯಿತು. ಕತ್ತರಿಸುವ ಮೇಜಿನಿಂದ ಪ್ಯಾಕಿಂಗ್‌ವರೆಗೆ 15 ದಿನ ಹಿಡಿದರೆ 9,00,000 ರೂಪಾಯಿ ಸದಾ ದಾರಿಯಲ್ಲಿಯೇ ಇರುತ್ತದೆ. ಅದನ್ನು 10 ದಿನಕ್ಕೆ ಇಳಿಸಿದರೆ 3,00,000 ರೂಪಾಯಿ ದುಡಿಯುವ ಬಂಡವಾಳ ಬಿಡುಗಡೆಯಾಗುತ್ತದೆ. ಶೇಕಡಾ 12ರ ಬಡ್ಡಿಯಂತೆ ವರ್ಷಕ್ಕೆ 36,000 ರೂಪಾಯಿ ಉಳಿತಾಯ. ಇನ್ನು ನೂರಕ್ಕೆ ನಾಲ್ಕು ಪ್ಯಾಂಟು ಬಿಚ್ಚಿ ಹೊಲಿಯಬೇಕಾಗಿ ಬಂದು, ಒಂದಕ್ಕೆ 25 ರೂಪಾಯಿ ಹೆಚ್ಚುವರಿ ಖರ್ಚಾದರೆ ದಿನಕ್ಕೆ 200 ರೂಪಾಯಿ, 300 ದಿನಕ್ಕೆ 60,000 ರೂಪಾಯಿ. ಎರಡೂ ಸೇರಿ ಸುಮಾರು ಒಂದು ಲಕ್ಷ ರೂಪಾಯಿ, ಯಾವ ಖಾತೆಯಲ್ಲಿಯೂ ತನ್ನ ಹೆಸರಿನಲ್ಲಿ ಕಾಣಿಸದೆ ಹೋಗುತ್ತಿರುತ್ತದೆ.

ಪ್ರತಿಯೊಬ್ಬ ಉದ್ಯಮಿಯೂ ಈ ಅಂಕಿಗಳ ಜಾಗದಲ್ಲಿ ತನ್ನ ಅಂಕಿಗಳನ್ನು ಹಾಕಿ ನೋಡಬೇಕು. ಬಣ್ಣ ಸರಿಬಾರದೆ ಪ್ಯಾಂಟುಗಳನ್ನು ಮರಳಿ ವಾಷಿಂಗ್‌ಗೆ ಕಳುಹಿಸಿದರೆ ನೀರು, ರಾಸಾಯನಿಕ, ತ್ಯಾಜ್ಯ ನೀರಿನ ಹೊರೆ ಎಲ್ಲವೂ ಎರಡು ಪಟ್ಟಾಗುತ್ತವೆ. ಡೆನಿಮ್ ವಾಷಿಂಗ್‌ನ ತ್ಯಾಜ್ಯ ನೀರು ಗಂಭೀರ ಪ್ರಶ್ನೆಯಾಗಿರುವ ಇಂದಿನ ದಿನಗಳಲ್ಲಿ, ಮೊದಲ ಬಾರಿಗೇ ಸರಿಯಾಗಿ ಮಾಡುವುದು ಕೇವಲ ಲಾಭದ ಮಾತಾಗಿ ಉಳಿದಿಲ್ಲ.

ಹಣ ಪಾವತಿಯ ಕಾನೂನೂ ಇದಕ್ಕೆ ಸೇರಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ, ಕರಾರು ಇದ್ದರೂ 45 ದಿನಕ್ಕೆ ಮೀರದಂತೆ ಹಣ ಸಲ್ಲಿಸಬೇಕು; ಲಿಖಿತ ಕರಾರು ಇಲ್ಲದಿದ್ದರೆ 15 ದಿನ. ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು, ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ಕಳೆಯಬಹುದು ಎಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮಾಲು ಮೂಲೆಯಲ್ಲಿ ಕಾಯುತ್ತಿದ್ದರೂ ಪಾವತಿಯ ಗಡುವು ಕಾಯುವುದಿಲ್ಲ.

ಸರ್ಕಾರದ ಯೋಜನೆ

ಕೇಂದ್ರ ಸರ್ಕಾರ ಈ ವಿದ್ಯೆಯನ್ನು ಸಣ್ಣ ಘಟಕಗಳಿಗೆ ತಲುಪಿಸಲು 2009ರಲ್ಲಿ ಪ್ರಾಯೋಗಿಕವಾಗಿ ಲೀನ್ ಯೋಜನೆಯನ್ನು ಆರಂಭಿಸಿತ್ತು. ಆಗ ಹಲವು ಘಟಕಗಳು ಗುಂಪುಗೂಡಿ ಸಲಹೆಗಾರರನ್ನು ಪಡೆಯಬೇಕಿತ್ತು. 2023ರ ಮಾರ್ಚ್ 10ರಂದು ಯೋಜನೆಗೆ ಹೊಸ ರೂಪದಲ್ಲಿ ಚಾಲನೆ ನೀಡಲಾಯಿತು. ಅದರಲ್ಲಿ ಪ್ರಾಥಮಿಕ, ಮಧ್ಯಮ ಮತ್ತು ಉನ್ನತ ಎಂಬ ಮೂರು ಹಂತಗಳಿವೆ. ಉದ್ಯಮ್ ನೋಂದಣಿ ಹೊಂದಿದ ಉತ್ಪಾದನಾ ಘಟಕದವರು ಅಂತರ್ಜಾಲದಲ್ಲಿ ಲೀನ್ ಪ್ರತಿಜ್ಞೆ ಸ್ವೀಕರಿಸಿ, ಪ್ರಾಥಮಿಕ ಹಂತವನ್ನು ಶುಲ್ಕವಿಲ್ಲದೆ ಪ್ರವೇಶಿಸುವಂತೆ ಇದನ್ನು ರೂಪಿಸಲಾಯಿತು. ಮುಂದಿನ ಎರಡು ಹಂತಗಳಲ್ಲಿ ಸಲಹೆಗಾರರು ಘಟಕಕ್ಕೇ ಬರುತ್ತಾರೆ. ಆ ವೆಚ್ಚದ ಶೇಕಡಾ 90 ಭಾಗವನ್ನು ಸರ್ಕಾರ ಭರಿಸುವಂತೆ ಗೊತ್ತುಪಡಿಸಲಾಯಿತು. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಒಡೆತನದ ಘಟಕಗಳಿಗೆ ಇನ್ನೂ ಶೇಕಡಾ 5ರಷ್ಟು ಹೆಚ್ಚಿನ ನೆರವನ್ನು ಸೇರಿಸಲಾಯಿತು. ಅರ್ಜಿ ಹಾಕುವ ದಿನದ ಮಾರ್ಗಸೂಚಿಯನ್ನು ಓದಿಕೊಂಡು ಮುಂದುವರಿಯುವುದು ಕ್ಷೇಮ.

ಈ ನೆರವಿಗೆ ಮೊದಲ ಮೆಟ್ಟಿಲು ಉದ್ಯಮ್ ನೋಂದಣಿ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಿತಿಯಂತೆ ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕ ಸೂಕ್ಷ್ಮ ಉದ್ಯಮ. 25 ಕೋಟಿ ಮತ್ತು 100 ಕೋಟಿ ಮೀರದ್ದು ಸಣ್ಣ ಉದ್ಯಮ. ಬಳ್ಳಾರಿ ಭಾಗದ ಬಹುಪಾಲು ಹೊಲಿಗೆ ಘಟಕಗಳೂ ಅಕ್ಕಿ ಗಿರಣಿಗಳೂ ಇದರೊಳಗೇ ಬರುತ್ತವೆ. ವರ್ತಕರನ್ನು 2021ರ ಜುಲೈನಲ್ಲಿ ಉದ್ಯಮ್ ವ್ಯಾಪ್ತಿಗೆ ಸೇರಿಸಲಾಯಿತಾದರೂ ಅದರ ಪ್ರಯೋಜನವನ್ನು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಆದ್ದರಿಂದ ವರ್ತಕರು ಪಾಠವನ್ನು ಕಲಿಯಬಹುದೇ ಹೊರತು ಈ ಸಹಾಯಧನವನ್ನು ನಿರೀಕ್ಷಿಸುವಂತಿಲ್ಲ.

ತಿಳಿದರೆ ಸಾಲದು ಎಂಬುದಕ್ಕೆ ಸಾಕ್ಷಿ

ಇಂತಹ ಸುಧಾರಣೆಯಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬ ಸಂಶಯ ಸಹಜ. ನಿಕೊಲಸ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿ ಅರ್ಥಶಾಸ್ತ್ರಜ್ಞರು 2008ರಿಂದ ಮುಂಬೈ ಸಮೀಪದ ಹತ್ತಿ ಬಟ್ಟೆ ಕಾರ್ಖಾನೆಗಳಲ್ಲಿ ಒಂದು ಪ್ರಯೋಗ ನಡೆಸಿದರು. 2013ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂದು ಗುಂಪಿನ ಕಾರ್ಖಾನೆಗಳಿಗೆ ಒಂದು ತಿಂಗಳು ಲೋಪಗಳನ್ನು ಪತ್ತೆಹಚ್ಚಿ ತಿಳಿಸಿ, ನಂತರ ನಾಲ್ಕು ತಿಂಗಳು ಜೊತೆಗೆ ನಿಂತು ಸುಧಾರಣೆಗಳನ್ನು ಜಾರಿ ಮಾಡಿಸಲಾಯಿತು. ಇನ್ನೊಂದು ಗುಂಪಿಗೆ ಲೋಪಗಳನ್ನು ಮಾತ್ರ ತಿಳಿಸಿ ಬಿಡಲಾಯಿತು. ಮೊದಲ ಗುಂಪಿನ ಉತ್ಪಾದಕತೆ ಒಂದೇ ವರ್ಷದಲ್ಲಿ ಶೇಕಡಾ 17ರಷ್ಟು ಹೆಚ್ಚಿತು. ದೋಷಗಳೂ ದಾಸ್ತಾನೂ ಇಳಿದವು. ಕೇವಲ ತಿಳಿವಳಿಕೆ ಪಡೆದ ಗುಂಪು ಹೊಸ ಕ್ರಮಗಳನ್ನು ಅಳವಡಿಸಿಕೊಂಡದ್ದು ಬಹಳ ಕಡಿಮೆ.

ಅದೇ ಕಾರ್ಖಾನೆಗಳಿಗೆ ಹಲವು ವರ್ಷಗಳ ನಂತರ ಸಂಶೋಧಕರು ಮರಳಿ ಹೋದಾಗ, ಅಳವಡಿಸಿಕೊಂಡಿದ್ದ ಕ್ರಮಗಳಲ್ಲಿ ಸುಮಾರು ಅರ್ಧದಷ್ಟನ್ನು ಕೈಬಿಡಲಾಗಿತ್ತು. ಕಾರ್ಖಾನೆಯ ವ್ಯವಸ್ಥಾಪಕರು ಬದಲಾದದ್ದು ಮತ್ತು ಮಾಲೀಕರಿಗೆ ಗಮನ ಕೊಡಲು ಬಿಡುವಿಲ್ಲದೆ ಹೋದದ್ದು ಇದಕ್ಕೆ ಮುಖ್ಯ ಕಾರಣಗಳಾಗಿದ್ದವು. ಪರದೆಯ ಮೇಲಿನ ತರಬೇತಿಯ ಮಿತಿಯೂ ಇಲ್ಲೇ ಇದೆ. ಅದು ಲೋಪವನ್ನು ಗುರುತಿಸಲು ಕಲಿಸುತ್ತದೆ. ಜೊತೆಗೆ ನಿಲ್ಲುವ ನಾಲ್ಕು ತಿಂಗಳ ಕೆಲಸವನ್ನು ಮಾಲೀಕನೇ ಮಾಡಬೇಕು. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಪೋಲು ನಿಲ್ಲುವುದಿಲ್ಲ.

ಇದು ಅಸಾಧ್ಯವೂ ಅಲ್ಲ. ಜಪಾನಿನಲ್ಲಿ 1951ರಲ್ಲಿ ಸ್ಥಾಪನೆಯಾದ, ಗುಣಮಟ್ಟಕ್ಕೆ ಸಲ್ಲುವ ಡೆಮಿಂಗ್ ಪ್ರಶಸ್ತಿಯನ್ನು 1998ರಲ್ಲಿ ಸುಂದರಂ-ಕ್ಲೇಟನ್ ಸಂಸ್ಥೆಯ ಬ್ರೇಕ್ ವಿಭಾಗ ಭಾರತಕ್ಕೆ ಮೊದಲ ಬಾರಿ ತಂದಿತು. 2018ರಲ್ಲಿ ಅದೇ ಪ್ರಶಸ್ತಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯು ವಿಜಯನಗರ ಉಕ್ಕಿನ ಕಾರ್ಖಾನೆಗೆ ದೊರೆಯಿತು. ಅಷ್ಟು ದೊಡ್ಡ ಕಾರ್ಖಾನೆಗೂ ಹನ್ನೆರಡು ಯಂತ್ರಗಳ ಹೊಲಿಗೆ ಘಟಕಕ್ಕೂ ಹೋಲಿಕೆ ಇಲ್ಲ ಎಂಬುದು ನಿಜ. ಆದರೆ ದೋಷವನ್ನು ಎಣಿಸುವ, ಕಾರಣವನ್ನು ಹುಡುಕುವ, ಕ್ರಮವನ್ನು ಬರೆದಿಡುವ ಅಭ್ಯಾಸ ಎರಡಕ್ಕೂ ಒಂದೇ.

ಉಳಿತಾಯ ಯಾರ ಪಾಲಿಗೆ?

ಸುಧಾರಣೆ ಕುಸಿದು ಬೀಳುವ ಇನ್ನೊಂದು ಜಾಗವಿದೆ. ಅದನ್ನು ಪಾಠಗಳು ಅಷ್ಟಾಗಿ ಹೇಳುವುದಿಲ್ಲ. ಹೊಲಿಗೆ ಉದ್ಯಮದಲ್ಲಿ ಕೂಲಿ ಬಹುಮಟ್ಟಿಗೆ ಪೀಸಿನ ಲೆಕ್ಕದಲ್ಲಿರುತ್ತದೆ. ದಿನಕ್ಕೆ 20 ಪೀಸು ಮಾಡುತ್ತಿದ್ದ ಕೆಲಸಗಾರ್ತಿ, ಬಂಡಲು ಕೈಗೆಟುಕುವಂತೆ ಇಟ್ಟದ್ದರಿಂದ 24 ಪೀಸು ಮಾಡಿದಳು ಎನ್ನೋಣ. ಮರುವಾರವೇ ಮಾಲೀಕರು "ಈಗ ಕೆಲಸ ಸುಲಭವಾಗಿದೆ" ಎಂದು ಪೀಸಿನ ದರ ಇಳಿಸಿದರೆ, ಅವಳು ಮತ್ತೊಮ್ಮೆ ಯಾವ ಸಲಹೆಯನ್ನೂ ಕೊಡುವುದಿಲ್ಲ. ಅವಳನ್ನು ನೋಡಿದ ಇತರರೂ ಕೊಡುವುದಿಲ್ಲ. ಯಂತ್ರದ ಮುಂದೆ ಕುಳಿತವರಿಗೆ ತಿಳಿದಿರುವಷ್ಟು ಪೋಲಿನ ಮೂಲಗಳು ಮಾಲೀಕರಿಗೆ ತಿಳಿದಿರುವುದಿಲ್ಲ. ಆ ತಿಳಿವಳಿಕೆ ಒಮ್ಮೆ ಮುಚ್ಚಿಹೋದರೆ ಯಾವ ತರಬೇತಿಯೂ ಅದನ್ನು ತೆರೆಯಲಾರದು.

ಆದ್ದರಿಂದ ಆರಂಭಕ್ಕೆ ಮೊದಲೇ ಎರಡು ಮಾತು ಕೊಡುವುದು ಒಳಿತು: ಸುಧಾರಣೆಯ ಕಾರಣಕ್ಕೆ ಪೀಸಿನ ದರ ಇಳಿಸುವುದಿಲ್ಲ, ಸುಧಾರಣೆಯ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಉಳಿತಾಯದ ಒಂದು ಪಾಲನ್ನು ಹಬ್ಬದ ಮುಂಚೆ ಎಲ್ಲರಿಗೂ ಹಂಚುವ ಪದ್ಧತಿ ಇಟ್ಟುಕೊಂಡರೆ ಇನ್ನೂ ಉತ್ತಮ. ತಪ್ಪು ಕಂಡಾಗ "ಯಾರು ಮಾಡಿದ್ದು?" ಎಂದು ಕೇಳುವ ಬದಲು "ಎಲ್ಲಿ ಆಯಿತು, ಏಕೆ ಆಯಿತು?" ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ಜನ ಮಾಲನ್ನು ಬಚ್ಚಿಡುತ್ತಾರೆ. ಎರಡನೆಯದಕ್ಕೆ ಉತ್ತರ ಹೇಳುತ್ತಾರೆ.

ಭಾಷೆಯೂ ಒಂದು ಅಡ್ಡಿಯೇ. ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿರುತ್ತವೆ. ಬಳ್ಳಾರಿಯ ಕೆಲಸದ ಮನೆಗಳಲ್ಲಿ ಕನ್ನಡ, ತೆಲುಗು, ಉರ್ದು ಮಾತುಗಳು ಬೆರೆತಿವೆ. ಮಾಲೀಕ ಅಥವಾ ಮೇಸ್ತ್ರಿ ತಾನು ಕೇಳಿದ್ದನ್ನು ಅಲ್ಲಿಯ ಮಾತಿನಲ್ಲಿ ಹತ್ತು ನಿಮಿಷ ಹೇಳಿದರೆ ಅದು ಎರಡು ಗಂಟೆಯ ವಿಡಿಯೊಗಿಂತ ಹೆಚ್ಚು ಫಲ ಕೊಡುತ್ತದೆ.

ಗಿರಣಿಗೂ ಅಂಗಡಿಗೂ ಅನ್ವಯ

ಸಿರುಗುಪ್ಪ, ಕುರುಗೋಡು ಭಾಗದಲ್ಲಿ ತುಂಗಭದ್ರಾ ಕಾಲುವೆಯ ನೀರಿನಿಂದ ಬೆಳೆಯುವ ಭತ್ತವೇ ಅಕ್ಕಿ ಗಿರಣಿಗಳ ಆಧಾರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಘಟನೆಯು ಈ ಆಧಾರ ಎಷ್ಟು ಸೂಕ್ಷ್ಮವಾದುದು ಎಂಬುದನ್ನು ಎಲ್ಲರಿಗೂ ತೋರಿಸಿತು. ನೀರು ಗಿರಣಿ ಮಾಲೀಕರ ಕೈಯಲ್ಲಿಲ್ಲ. ಭತ್ತ ಬಂದ ದಿನಗಳಲ್ಲಿ ಗಿರಣಿ ಎಷ್ಟು ಗಂಟೆ ಓಡುತ್ತದೆ ಎಂಬುದು ಮಾತ್ರ ಅವರ ಕೈಯಲ್ಲಿದೆ. ಬೆಲ್ಟ್ ಹರಿದು ಗಿರಣಿ ನಿಂತದ್ದು ಎಷ್ಟು ಹೊತ್ತು, ಬದಲಿ ಬೆಲ್ಟ್ ಹುಡುಕಲು ಹೋದದ್ದು ಎಷ್ಟು ಹೊತ್ತು, ನೂರು ಕಿಲೊ ಭತ್ತದಲ್ಲಿ ಇಡಿ ಅಕ್ಕಿ ಎಷ್ಟು, ನುಚ್ಚು ಎಷ್ಟು ಎಂಬುದನ್ನು ಪ್ರತಿ ಪಾಳಿಯಲ್ಲಿ ಬರೆದಿಟ್ಟರೆ ಒಂದು ತಿಂಗಳಲ್ಲಿ ದೋಷದ ಮೂಲ ತಾನಾಗಿ ಗೋಚರಿಸುತ್ತದೆ.

ವರ್ತಕರ ಅಂಗಡಿ, ಗೋದಾಮುಗಳಲ್ಲಿ ಪೋಲು ಬೇರೆ ವೇಷದಲ್ಲಿರುತ್ತದೆ. ವರ್ಷದಿಂದ ಅಲುಗಾಡದ ಮಾಲು ಮುಂದೆ, ದಿನವೂ ಮಾರಾಟವಾಗುವ ಮಾಲು ಹಿಂದೆ. ಗಿರಾಕಿ ಕಾಯುತ್ತಿರುವಾಗ ಹುಡುಗ ಅಟ್ಟ ಹತ್ತಿ ಹುಡುಕುವುದು. ಫೋನಿನಲ್ಲಿ ಕೇಳಿಸಿಕೊಂಡ ಆರ್ಡರ್ ತಪ್ಪಾಗಿ ಬರೆದು ಮಾಲು ಮರಳಿ ಬರುವುದು. ಬಿಲ್ಲಿನ ತಪ್ಪಿನಿಂದ ಜಿಎಸ್‌ಟಿ ವಿವರ ತಾಳೆಯಾಗದೆ ಗಿರಾಕಿ ಹಣ ತಡೆಹಿಡಿಯುವುದು. ಮಾಲಿಗೆ ಗೊತ್ತಾದ ಜಾಗ, ಆರು ತಿಂಗಳಿಂದ ಮಾರಾಟವಾಗದ ಮಾಲಿಗೆ ಕೆಂಪು ಚೀಟಿ, ಆರ್ಡರನ್ನು ಗಿರಾಕಿಗೆ ಮರಳಿ ಓದಿ ಹೇಳುವ ರೂಢಿ ಇವಿಷ್ಟಕ್ಕೆ ಯಾವ ಸಹಾಯಧನವೂ ಬೇಡ.

ನಾಲ್ಕು ತಿಂಗಳ ಕ್ರಮ

ಮೊದಲ ತಿಂಗಳು ಮಾಲೀಕರೂ ಮೇಸ್ತ್ರಿಯೂ ಪ್ರಾಥಮಿಕ ಪಾಠವನ್ನು ಕೂಡಿ ಮುಗಿಸಬೇಕು ಮತ್ತು ಒಂದೇ ಒಂದು ವಿಷಯವನ್ನು ಆರಿಸಿಕೊಂಡು ಎಣಿಸಬೇಕು. ಮರುಹೊಲಿಗೆಯ ಪೀಸುಗಳಾಗಲಿ, ಗಿರಣಿ ನಿಂತ ನಿಮಿಷಗಳಾಗಲಿ, ಮರಳಿ ಬಂದ ಆರ್ಡರುಗಳಾಗಲಿ, ಯಾವುದಾದರೂ ಒಂದು ಸಾಕು. ಎಣಿಕೆಯನ್ನು ಎಲ್ಲರಿಗೂ ಕಾಣುವ ಹಲಗೆಯ ಮೇಲೆ ಬರೆಯಬೇಕು. ಎರಡನೆಯ ತಿಂಗಳು ಬೇಡವಾದದ್ದನ್ನು ಹೊರಹಾಕಿ, ಬೇಕಾದದ್ದಕ್ಕೆ ಜಾಗ ಗೊತ್ತುಮಾಡಬೇಕು. ಮೂರನೆಯ ತಿಂಗಳು ಅತಿ ಹೆಚ್ಚು ಬಾರಿ ಕಂಡ ಒಂದು ಕಾರಣವನ್ನು ಹಿಡಿದು ಸರಿಪಡಿಸಬೇಕು. ನಾಲ್ಕನೆಯ ತಿಂಗಳು ಸರಿಯಾದ ಕ್ರಮವನ್ನು ಒಂದು ಪುಟದಲ್ಲಿ, ಸಾಧ್ಯವಾದರೆ ಚಿತ್ರ ಸಹಿತ, ಬರೆದು ಯಂತ್ರದ ಬಳಿ ಅಂಟಿಸಬೇಕು. ಮೇಸ್ತ್ರಿ ಬದಲಾದರೂ ಕ್ರಮ ಉಳಿಯುವುದು ಈ ಪುಟದಿಂದಲೇ. ಉಳಿತಾಯದ ಮೊತ್ತವನ್ನು ತಿಂಗಳಿಗೊಮ್ಮೆ ರೂಪಾಯಿಗಳಲ್ಲಿ ಲೆಕ್ಕ ಹಾಕಿ ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು. ರೂಪಾಯಿಯಲ್ಲಿ ಕಾಣದ ಸುಧಾರಣೆಯಲ್ಲಿ ಮಾಲೀಕರಿಗೆ ಬಹಳ ದಿನ ಆಸಕ್ತಿ ಉಳಿಯುವುದಿಲ್ಲ.

ಶುಲ್ಕ ಪಡೆಯುವ ಖಾಸಗಿ ತರಬೇತಿಗಳ ವಿಷಯದಲ್ಲಿ ಎಚ್ಚರ ಅಗತ್ಯ. ಹಳದಿ, ಹಸಿರು, ಕಪ್ಪು ಎಂದು 'ಬೆಲ್ಟ್'ಗಳನ್ನು ಅನೇಕ ಸಂಸ್ಥೆಗಳು ನೀಡುತ್ತವೆ. ಇವೆಲ್ಲಕ್ಕೂ ಮಾನ್ಯತೆ ನೀಡುವ ಒಂದೇ ಜಾಗತಿಕ ಅಧಿಕಾರ ಸಂಸ್ಥೆ ಇಲ್ಲ. ಕಲಿಸುವವರು ಕಾರ್ಖಾನೆಯಲ್ಲಿ ದುಡಿದವರೇ, ಕಲಿಯುವವರು ತಮ್ಮ ಘಟಕದಲ್ಲಿಯೇ ಒಂದು ಸುಧಾರಣೆ ಮಾಡಿ ತೋರಿಸಬೇಕೆಂಬ ನಿಯಮವಿದೆಯೇ ಎಂದು ವಿಚಾರಿಸಿದ ನಂತರವೇ ಹಣ ಕಟ್ಟಬೇಕು. ಕೇವಲ ಪ್ರಶ್ನೋತ್ತರಕ್ಕೆ ಪ್ರಮಾಣಪತ್ರ ಕೊಡುವ ತರಬೇತಿಗೆ ಹಣ ಕೊಡುವುದು ಸಹ ಎಂಟನೆಯ ಪೋಲು ಎನ್ನಬಹುದು.

ವಿದ್ಯುತ್, ನೀರು, ಹತ್ತಿಯ ದರ, ಮಾರುಕಟ್ಟೆಯ ಏರಿಳಿತ ಇವುಗಳನ್ನು ಯಾವ ಪಾಠವೂ ಸರಿಪಡಿಸದು. ಅವು ಸಂಘಟಿತವಾಗಿ ಸರ್ಕಾರದ ಮುಂದಿಡಬೇಕಾದ ವಿಷಯಗಳು. ಆದರೆ ತನ್ನದೇ ಛಾವಣಿಯ ಕೆಳಗೆ ಸೋರುತ್ತಿರುವುದನ್ನು ನಿಲ್ಲಿಸಲು ಯಾರ ಅನುಮತಿಯೂ ಬೇಕಿಲ್ಲ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಎಷ್ಟು ನಿಜವೋ ಸೋರಿಕೆಗೂ ಅಷ್ಟೇ ನಿಜ. ಈ ವಾರ ಪಾಠವನ್ನು ತೆರೆಯುವ ಉದ್ಯಮಿಯು ಅದರ ಜೊತೆಗೆ ಒಂದು ಹಾಳೆ, ಒಂದು ಪೆನ್ಸಿಲನ್ನೂ ಕೆಲಸದ ಮನೆಗೆ ಒಯ್ದರೆ, ಮುಂದಿನ ವರ್ಷದ ತಖ್ತೆಯ ಮುಂದೆ ಅವರು ಕೇಳುವ ಪ್ರಶ್ನೆಯೇ ಬೇರೆಯಾಗಿರುತ್ತದೆ.